ನೀಲಾ ಹಾಕಿದ ಅಡ್ಡ ಪಟ್ಟಾ

ಆ ದಿನಗಳಲ್ಲಿ ಕಮರಿಪೇಟೆಯ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ನೀಲಾಳ ಅಪ್ಪನ ಹಿಟ್ಟಿನ ಗಿರಣಿಯ ಸದ್ದಿನಿಂದ. ಇಂಜಿನ್ನು ಮೊದಲು ಒಂದೆರಡು ಸಲ ಕೆಮ್ಮಿದ ಹಾಗೆ ಧುಕ್ ಧುಕ್ ಅನ್ನುತ್ತಿತ್ತು. ಆಮೇಲೆ ಗಂಟಲು ಸರಿಯಾದವರ ಹಾಗೆ ಒಂದೇ ಸಮನೆ ಶುರುವಾಗುತ್ತಿತ್ತು. ಅದು ಕೇಳಿದ ಮೇಲೆಯೇ ನಮ್ಮವ್ವ ಒಲೆ ಹೊತ್ತಿಸುತ್ತಿದ್ದಳು. ನಿಮ್ಮ ಓಣಿಯಲ್ಲೂ ಅಂಥದೊಂದು ಗಿರಣಿ ಇದ್ದಿರಬೇಕು. ಬಿಸಿ ಜೋಳದ ಹಿಟ್ಟಿನ ವಾಸನೆ, ಅದರೊಳಗೆ ಬೆರೆತ ಡೀಸೆಲ್ ವಾಸನೆ, ಕಣ್ಣಿನ ರೆಪ್ಪೆಯವರೆಗೂ ಬೆಳ್ಳಗಾಗಿ ನಿಂತ ಗಿರಣಿಯವ, ಇವೆಲ್ಲ ನಿಮಗೂ ನೆನಪಾದೀತು.

ನೀಲಾ ಈ ಶ್ರಾವಣದಲ್ಲಿ ಹೋದಳು. ಅರವತ್ತು ವರ್ಷಗಳ ಗೆಳೆತನ ನಮ್ಮದು. ಆಕೆ ಹೋದಾಗಿನಿಂದ ಏನಾದರೂ ಬರೆಯಬೇಕು ಅನ್ನಿಸುತ್ತಲೇ ಇದೆ, ಆದರೆ ಆಕೆಯ ಕೊನೆಯ ದಿನಗಳನ್ನು ಬರೆಯಲು ಕೈ ಬರುವುದಿಲ್ಲ. ಅದಕ್ಕೇ ನಾವು ಒಂಬತ್ತನೇ ಇಯತ್ತೆಯಲ್ಲಿದ್ದ ವರ್ಷದ ಮಳೆಗಾಲದಿಂದ ದೀಪಾವಳಿಯವರೆಗಿನ ದಿನಗಳನ್ನು ಬರೆಯುತ್ತೇನೆ. ಅಷ್ಟು ನಾನು ಮತ್ತೆಂದೂ ನಕ್ಕದ್ದಿಲ್ಲ.

ಅರವತ್ತರ ದಶಕದ ಮಾತು. ಆ ವರ್ಷ ನಮ್ಮ ಹೈಸ್ಕೂಲಿಗೆ ಒಂದು ಹೊಸ ವಿಷಯ ಬಂದಿತ್ತು. ಪುಸ್ತಕದ ಮೇಲೆ 'ಶಕ್ತಿ ಮತ್ತು ಸಾರಿಗೆ' ಎಂದು ಅಚ್ಚಾಗಿತ್ತು. ನಾವು ಅದನ್ನು ಇಂಜಿನ್ ಕ್ಲಾಸು ಅನ್ನುತ್ತಿದ್ದೆವು. ಹುಡುಗರು ಇಂಜಿನ್ ಕ್ಲಾಸಿಗೆ, ಹುಡುಗಿಯರು ಗೃಹಶಾಸ್ತ್ರಕ್ಕೆ. ಯಾರೂ ಹೀಗೆಂದು ನಿಯಮ ಓದಿ ಹೇಳಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಹೆಸರು ಬರೆಸುವ ದಿನ ನೀಲಾ ಇಂಜಿನ್ ಕ್ಲಾಸಿನ ಹಾಳೆಯ ಮೇಲೆ ತನ್ನ ಹೆಸರು ಬರೆದು ಬಂದಳು. ಮರುದಿನ ಹೆಡ್ ಮಾಸ್ತರರು ಕರೆಸಿದರು. ಜೊತೆಗೆ ನಾನೂ ಹೋದೆ.

"ಏನವಾ, ತಪ್ಪಿ ಬರದೀಯೇನು?"

"ಇಲ್ರಿ ಸರ. ತಿಳದ ಬರದೇನಿ."

"ನಿಮಗ ಗೃಹಶಾಸ್ತ್ರ ಅದ. ಛಲೋ ವಿಷಯ. ಅಡಿಗಿ, ಹೊಲಿಗಿ ಎಲ್ಲಾ ಕಲಿಸ್ತಾರ."

"ಅಡಿಗಿ ನನಗ ಬರತೈತ್ರಿ."

"ಮತ್ತ ಇಂಜಿನ್ ಬರತದೇನು?"

"ಅದೂ ಬರತೈತ್ರಿ. ಆದ್ರ ಅದು ಯಾಕ ಹಂಗ ತಿರಗತೈತಿ ಅನ್ನೋದು ಗೊತ್ತಿಲ್ರಿ. ಅದಕ್ಕ ಬರದೇನಿ."

ಹೆಡ್ ಮಾಸ್ತರರು ಕೆಟ್ಟವರಲ್ಲ. ಆದರೆ ಹೊಸದೇನು ಮಾಡಬೇಕಾದರೂ ಮೇಲಿನವರ ಸಹಿ ಇರಬೇಕು ಅನ್ನುವವರು. ಟೋಪಿ ತೆಗೆದು ತಲೆ ಕೆರೆದುಕೊಂಡು ಹೇಳಿದರು. "ದೀಪಾವಳಿ ಆದಮ್ಯಾಲ ಧಾರವಾಡದಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರ. ಅವರು ಹೂಂ ಅಂದ್ರ ಹೂಂ. ಅಲ್ಲಿತನಕ ಕೂಡ್ರು. ಒಲ್ಲೆ ಅಂದ್ರ ಸುಮ್ನ ಗೃಹಶಾಸ್ತ್ರಕ್ಕ ಹೋಗಬೇಕು, ತಿಳೀತಿಲ್ಲೋ?"

ನಮಗೆ ಅದೇ ದೊಡ್ಡ ಗೆಲುವು. ಆದರೆ ಸಂಜೆ ಗಿರಣಿಗೆ ಹೋಗಿ ಹೇಳಿದಾಗ ನೀಲಾಳ ಅಪ್ಪ ಚನ್ನಬಸಪ್ಪ ಕಾಕಾ ಬೇರೆಯೇ ಲೆಕ್ಕ ಹಾಕಿದರು.

"ಒಲಿ ಹೊತ್ತಸೋದು ಕಲಸಾಕ ಸಾಲಿ ಯಾಕ ಬೇಕು? ಅದಕ್ಕ ಮನ್ಯಾಗ ನಿಮ್ಮವ್ವ ಅದಾಳ. ಸಾಹೇಬ್ರು ಒಲ್ಲೆ ಅಂದ್ರ ಸಾಲಿ ಬಿಡು. ಗಿರಣಿ ನೋಡ್ಕೊ."

ಸಿಟ್ಟಿನಿಂದ ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಸರಳ ವಿಷಯ. ಹೊರಗೆ ಬಂದ ಮೇಲೆ ನೀಲಾ ನನ್ನ ರಟ್ಟೆ ಹಿಡಿದು, "ಶಾರಿ, ದೀಪಾವಳಿತನಕ ಐತಿ" ಅಂದಳು. ಆ ಮಾತನ್ನು ಆ ಮೂರು ತಿಂಗಳಲ್ಲಿ ನೂರು ಸಲ ಅಂದಿರಬೇಕು.

ನನಗೆ ಇಂಜಿನ್ನಿನ ಮೇಲೆ ಯಾವ ಆಸೆಯೂ ಇರಲಿಲ್ಲ. ನೀಲಾ ಎದ್ದು ಹೋದರೆ ಬೆಂಚಿನ ಮೇಲೆ ಒಬ್ಬಳೇ ಕೂಡಬೇಕಲ್ಲ ಎಂದು ನಾನೂ ಹೆಸರು ಬರೆಸಿದೆ. ಸಾಹೇಬರು ಒಲ್ಲೆ ಅಂದರೆ ನಾನು ಹೋಗಿ ಹೊಲಿಗೆ ಕಲಿಯುವವಳೇ. ನೀಲಾಳ ಸಾಲಿ ಮಾತ್ರ ಅಲ್ಲಿಗೆ ಮುಗಿಯುವುದಿತ್ತು.

ಇಂಜಿನ್ ಕ್ಲಾಸಿನ ಬಡಿಗೇರ ಮಾಸ್ತರರು ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರು. ಕಿವಿಯ ಮೇಲೆ ಪೆನ್ಸಿಲ್ಲು, ಕಿಸೆಯಲ್ಲಿ ಕೈ ಒರೆಸುವ ನೂಲಿನ ಮುದ್ದೆ. ಪುಸ್ತಕ ತೆರೆದದ್ದನ್ನು ನಾವು ನೋಡಲೇ ಇಲ್ಲ. ಮೊದಲ ದಿನ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನಿಮ್ಮ ಜಡಿ ಮ್ಯಾಲ ಕಟ್ಟಿಕೊಂಡು ಬರ್ರಿ. ಪರಕರ ಕಚ್ಚಿ ಹಾಕ್ರಿ. ಗಾಲಿಯಿಂದ ಗಾಲಿಗೆ ಓಡೋ ಚರ್ಮದ ಪಟ್ಟಾಕ್ಕ ಜಡಿ ಯಾವುದು, ಹಗ್ಗ ಯಾವುದು ಗೊತ್ತಾಗಂಗಿಲ್ಲ" ಅಂದರು. ಅಷ್ಟೇ. ಹುಡುಗಿಯರು ಎಂಬ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

"ಶಕ್ತಿ ಹುಟ್ಟೋದು ಒಂದ ಕಡೆ," ಎಂದು ಅವರು ಪಾಠ ಶುರು ಮಾಡಿದರು. "ಕೆಲಸ ಆಗೋದು ಇನ್ನೊಂದ ಕಡೆ. ನಡುವ ಅದನ್ನ ಒಯ್ಯಬೇಕು. ರೈಲಿರಲಿ, ಮೋಟಾರಿರಲಿ, ನೀಲಾನ ಗಿರಣಿ ಇರಲಿ, ಒಯ್ಯೋದ ನಮ್ಮ ವಿದ್ಯಾ. ಏಳ್ರಿ, ಹೊರಗ ನಡೀರಿ."

ಮೈದಾನದ ಮೂಲೆಯಲ್ಲಿ ಎರಡು ಬೇವಿನ ಮರಗಳಿದ್ದವು. ಆ ಮರಗಳೇ ಎರಡು ಗಾಲಿ, ನಾವು ಹದಿನೆಂಟು ಮಂದಿ ಅವುಗಳಿಗೆ ಹಾಕಿದ ಪಟ್ಟಾ. ಒಬ್ಬರ ಅಂಗಿ ಒಬ್ಬರು ಹಿಡಿದು ಎರಡೂ ಮರಗಳನ್ನು ಒಳಗಿಟ್ಟುಕೊಂಡು ಒಂದೇ ಸುತ್ತು ಓಡಿದರೆ ಅದು ನೇರ ಪಟ್ಟಾ. ಎರಡೂ ಮರಗಳನ್ನು ನಾವು ಒಂದೇ ಕಡೆಯಿಂದ ಸುತ್ತಿದ ಹಾಗಾಗುತ್ತಿತ್ತು. ಅಡ್ಡ ಪಟ್ಟಾ ಅಂದರೆ ಮೊದಲ ಮರವನ್ನು ಬಲಕ್ಕೆ ಸುತ್ತಿ, ನಡುವೆ ಅಡ್ಡ ದಾಟಿ, ಎರಡನೆಯದನ್ನು ಎಡಕ್ಕೆ ಸುತ್ತಿ ಬರುವುದು, ಇಂಗ್ಲಿಷಿನ ಎಂಟು ಬರೆದ ಹಾಗೆ. ದಾಟುವಲ್ಲಿ ಮುಂದಿನವರೂ ಹಿಂದಿನವರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮಾಸ್ತರರು ಮರದ ಬೊಡ್ಡೆ ತಟ್ಟುತ್ತ ಕೂಗುತ್ತಿದ್ದರು. "ನೇರ ಹಾಕಿದ್ರ ಎರಡೂ ಗಾಲಿ ಒಂದ ದಿಕ್ಕು. ಅಡ್ಡ ಹಾಕಿದ್ರ ಒಂದಕ್ಕೊಂದು ಉಲ್ಟಾ. ಬಿದ್ದವರು ಎದ್ದು ಹೇಳ್ರಿ."

ನಾವು ಬಿದ್ದಲ್ಲೇ ಮಲಗಿ ನಗುತ್ತ ಅದನ್ನೇ ಹೇಳುತ್ತಿದ್ದೆವು. ಮೊಣಕಾಲು ಕೆತ್ತಿದ ಆ ಪಾಠ ನನಗೆ ಇವತ್ತಿಗೂ ಮರೆತಿಲ್ಲ. ಸುತ್ತು ಮುಗಿದ ಮೇಲೆ ಅದೇ ಮರದ ಕೆಳಗೆ ಡಬ್ಬಿ ತೆರೆಯುತ್ತಿದ್ದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಯಾರದಾದರೂ ಮನೆಯಿಂದ ಬಂದ ಒಗ್ಗರಣೆ ಚುರಮರಿ.

ಆವತ್ತು ನೀಲಾ ಮಾತ್ರ ತಿನ್ನುವುದನ್ನು ಮರೆತು ಕೂತಿದ್ದಳು. "ಶಾರಿ, ನಮ್ಮ ಗಿರಣ್ಯಾಗ ಪಟ್ಟಾ ಅಡ್ಡನ ಹಾಕ್ತೇವಿ. ಸಣ್ಣಾಕಿ ಇದ್ದಾಗಿಂದ ಹಂಗ ಹಾಕೇನಿ. ಇಂಜಿನ್ ಒಂದ ಕಡೆ, ಕಲ್ಲು ಇನ್ನೊಂದ ಕಡೆ ತಿರಗಬೇಕಲ್ಲ, ಅದಕ್ಕ. ಅಪ್ಪಗ ಕೇಳಿದ್ರ 'ಹಂಗ ಹಾಕಬೇಕು, ಹಾಕು' ಅಂತಿದ್ದ." ಎಷ್ಟೋ ದಿನದಿಂದ ಕಳೆದಿದ್ದ ವಸ್ತು ಸಿಕ್ಕವರ ಮುಖ ಆಕೆಯದು.

ಆ ಮಳೆಗಾಲದಲ್ಲೇ ನಮ್ಮ ಓಣಿಗೆ ವಿದ್ಯುತ್ ತಂತಿ ಬಂತು. ಚನ್ನಬಸಪ್ಪ ಕಾಕಾ ಗಿರಣಿಗೆ ಮೋಟಾರು ಕೂಡಿಸಿದರು. ಬೆಳಗಿನ ಕೆಮ್ಮು ನಿಂತು ಗುಂಯ್ ಅನ್ನುವ ಸದ್ದು ಶುರುವಾಯಿತು. ನಮ್ಮವ್ವ ನಾಲ್ಕು ದಿನ ತಡವಾಗಿ ಎದ್ದಳು. ಹಳೆಯ ಇಂಜಿನ್ನನ್ನು ಹಿತ್ತಲಿಗೆ ಹಾಕಿದರು. ಅದರ ಕೆಳಗೆ ಪಕ್ಕದ ಮನೆಯ ಕೋಳಿ ತತ್ತಿ ಇಡತೊಡಗಿತು. ಬಡಿಗೇರ ಮಾಸ್ತರರು ಒಂದು ದಿನ ಬಂದು, ಕೋಳಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಇಂಜಿನ್ನನ್ನು ಸುತ್ತಲೂ ನೋಡಿ ಕೇಳಿದರು. "ಚನ್ನಬಸಪ್ಪನವರ, ಇದನ್ನ ಸಾಲಿಗೆ ಕೊಡ್ರಿ. ಹುಡುಗರು ಇದಕ್ಕ ನಡಿಯೋದು ಕಲಿಸ್ತಾರ."

"ನಿಂತಲ್ಲೆ ತಿರಗೋ ಇಂಜಿನ್ ಅದು. ನಡೀತೈತೇನ್ರಿ?"

"ಕಲಿಸಿದ್ರ ನಡೀತದ."

ಹಾಗೆ ಶುರುವಾಯಿತು ನಮ್ಮ ಗಾಡಿ. ಅರಳೆ ಗಂಟು ಸಾಗಿಸುವ ನಾಲ್ಕು ಗಾಲಿಯ ಹಳೆಯ ಗಾಡಿಯೊಂದು ಅಮರಗೋಳದಲ್ಲಿ ನಮ್ಮ ಕ್ಲಾಸಿನ ಪರಶ್ಯಾನ ಸೋದರಮಾವನ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ನೂಕಿಕೊಂಡು ತಂದೆವು. ಅದರ ನಡುವೆ ಇಂಜಿನ್ನು ಕೂಡಿಸಿದೆವು. ಹಿಂದಿನ ಗಾಲಿಗಳ ಅಚ್ಚಿಗೆ ಮಾಸ್ತರರು ಪಟ್ಟಾ ಓಡಲು ಎರಡು ಸಣ್ಣ ಗಾಲಿ ಹಾಕಿದರು. ಒಂದು ಅಚ್ಚಿಗೆ ಬಿಗಿದದ್ದು, ಪಕ್ಕದಲ್ಲೇ ಇನ್ನೊಂದು ಸಡಿಲವಾಗಿ ತಿರುಗುವಂಥದು. ಪಟ್ಟಾ ಸಡಿಲ ಗಾಲಿಯ ಮೇಲಿದ್ದರೆ ಇಂಜಿನ್ ಓಡಿದರೂ ಗಾಡಿ ನಿಂತೇ ಇರುತ್ತದೆ. ಓಡುತ್ತಿರುವ ಪಟ್ಟಾವನ್ನು ಕಟ್ಟಿಗೆಯಿಂದ ಬಿಗಿ ಗಾಲಿಗೆ ಸರಿಸಿದರೆ ಗಾಡಿ ಹೊರಡುತ್ತದೆ. ಗಿರಣಿಯಲ್ಲಿ ಇದೇ ಕೆಲಸ ಮಾಡಿ ಬೆಳೆದವಳು ನೀಲಾ. ಮಾಸ್ತರರು ಯೋಚಿಸದೆ ಕಟ್ಟಿಗೆ ಆಕೆಯ ಕೈಗೆ ಕೊಟ್ಟರು. ನನಗೆ ಮುಂದಿನ ಅಚ್ಚಿಗೆ ಕಟ್ಟಿದ ಸೈಕಲ್ ಹ್ಯಾಂಡಲ್ಲು, ಕಾಲಿನಿಂದ ಒತ್ತುವ ಕಟ್ಟಿಗೆಯ ಬ್ರೇಕು. ಎಲ್ಲರಿಗಿಂತ ಹಗುರ ನಾನೇ ಎಂಬುದಷ್ಟೇ ನನ್ನ ಅರ್ಹತೆ.

ಪರಶ್ಯಾನಿಗೆ ಇದು ಸೇರಲಿಲ್ಲ. "ಏನವಾ ನೀಲವ್ವ, ಇಂಜಿನ್‌ನಾಗ ಒಗ್ಗರಣಿ ಹಾಕ್ತೀಯೇನು?" ಅಂದ.

ನೀಲಾ ಪಟ್ಟಾಕ್ಕೆ ಔಡಲೆಣ್ಣೆ ಹಚ್ಚುತ್ತಿದ್ದವಳು ತಲೆ ಎತ್ತಲೂ ಇಲ್ಲ. "ನಿಮ್ಮವ್ವ ವಾರಕ್ಕೊಮ್ಮೆ ಹಿಟ್ಟು ಬೀಸಿಕೊಂಡು ಹೋಗತಾಳಲ್ಲ, ಆವಾಗ ಪಟ್ಟಾ ಹಾಕಾಕಿ ನಾನ. ನಿನ್ನ ಹೊಟ್ಯಾಗಿನ ರೊಟ್ಟಿ ನಂದ. ಸುಮ್ನ ನಟ್ ಬಿಗಿ."

ಅವನು ಸುಮ್ಮನೆ ನಟ್ ಬಿಗಿದ. ಅಲ್ಲಿಂದ ಮುಂದೆ ಆಕೆಗೆ ಬೇಕಾದ ನಟ್ ಬಿಗಿಯುವ ಪಾನಾ ಕೇಳುವ ಮೊದಲೇ ಅವನ ಕೈಯಲ್ಲಿರುತ್ತಿತ್ತು.

ಆ ಚರ್ಮದ ಪಟ್ಟಾ ಹಳೆಯದು. ಎಣ್ಣೆಯ ವಾಸನೆಗೆ ಇಲಿಗಳು ಬಂದು ಕಡಿಯುತ್ತಿದ್ದವು. ಹಾಗಾಗಿ ಪ್ರತಿ ಸಂಜೆ ನೀಲಾ ಅದನ್ನು ಬಿಚ್ಚಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದಳು, ಬೆಳಗ್ಗೆ ತಂದು ಹಾಕುತ್ತಿದ್ದಳು. ಓಣಿಯ ನಾಯಿಗಳು ಆ ವಾಸನೆಗೆ ನಮ್ಮ ಹಿಂದೆಯೇ ಬರುತ್ತಿದ್ದವು. ದೀಪಾವಳಿಗೆ ಎಂಟು ದಿನ ಇರುವಾಗ ಗಾಡಿ ಮೊದಲ ಸಲ ನಡೆಯಿತು. ಇಡೀ ಮೈದಾನ ದಾಟಲು ಒಂದು ವೀಳ್ಯದೆಲೆ ತಿಂದು ಮುಗಿಸುವಷ್ಟು ಹೊತ್ತು. ಪಕ್ಕದಲ್ಲಿ ನಡೆಯುವವರೇ ಮುಂದೆ ಹೋಗುತ್ತಿದ್ದರು. ಆದರೂ ನಮಗೆ ರೈಲು ಬಿಟ್ಟಷ್ಟು ಹಿಗ್ಗು. ಆ ಎಂಟು ದಿನದಲ್ಲಿ ಹತ್ತಾರು ಸಲ ಓಡಿಸಿದೆವು, ಒಮ್ಮೆಯೂ ತಪ್ಪಲಿಲ್ಲ.

ದೀಪಾವಳಿ ಮುಗಿದು ಸಾಹೇಬರು ಬರುವ ದಿನ ಬಂತು. ಮೈದಾನದ ಆ ತುದಿಯಲ್ಲಿ ಧ್ವಜದ ಕಂಬದ ಹತ್ತಿರ ಅವರಿಗೆ ಕುರ್ಚಿ ಹಾಕಿದ್ದರು. ಈ ತುದಿಯಲ್ಲಿ ನಮ್ಮ ಗಾಡಿ. ನಮ್ಮ ಬೆನ್ನ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬೇವಿನ ನೆರಳಿಗೆ, ಗೃಹಶಾಸ್ತ್ರದವರ ಮೇಜು. ಬಿಳಿ ಹಾಸು, ಅದರ ಮೇಲೆ ಶಿರಾ, ಅವಲಕ್ಕಿ, ಚಹಾದ ಕಿಟಲಿ. ಗೃಹಶಾಸ್ತ್ರ ಕಲಿಸುವ ಬಾಯಾರು ಇಸ್ತ್ರಿಯ ಸೀರೆ ಉಟ್ಟು ನಿಂತಿದ್ದರು. ಬಡಿಗೇರ ಮಾಸ್ತರರೂ ಎಲ್ಲಿಂದಲೋ ಒಂದು ಕೋಟು ತೊಟ್ಟು ಬಂದು ಸಾಹೇಬರ ಪಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ನೀಲಾ ಬಂದದ್ದು ತಡವಾಗಿ. ಹಣೆಯ ಮೇಲೆ ಹಸಿ ವಿಭೂತಿ, ಮುಖದಲ್ಲಿ ರಕ್ತವೇ ಇಲ್ಲ. "ಅಪ್ಪ 'ಇವತ್ತ ಗೊತ್ತಾಗತೈತಲ್ಲ' ಅಂದ," ಎಂದಷ್ಟೇ ಹೇಳಿ ಪಟ್ಟಾ ಹಾಕಿದಳು. ಎಲ್ಲಿಯೋ ನೋಡುತ್ತ ಹಾಕಿದಳು. ನಾನೂ ನೋಡಲಿಲ್ಲ, ನನಗೆ ನನ್ನ ಬ್ರೇಕಿನ ಚಿಂತೆ. ಪರಶ್ಯಾ ಇಂಜಿನ್ನಿನ ಹ್ಯಾಂಡಲ್ ತಿರುವಿದ. ಇಂಜಿನ್ನು ಕೆಮ್ಮಿ ಶುರುವಾಯಿತು. ಆ ತುದಿಯಲ್ಲಿ ಹೆಡ್ ಮಾಸ್ತರರು ಕರವಸ್ತ್ರ ಬೀಸಿದರು. ನೀಲಾ ಕಟ್ಟಿಗೆಯಿಂದ ಪಟ್ಟಾ ಸರಿಸಿದಳು.

ಗಾಡಿ ಹೊರಟಿತು. ಸಾಹೇಬರ ಕುರ್ಚಿ ಮಾತ್ರ ಹತ್ತಿರ ಬರುವ ಬದಲು ದೂರ ಹೋಗುತ್ತಿತ್ತು. ಏನಾಗುತ್ತಿದೆ ಎಂದು ನನಗೆ ತಿಳಿಯುವ ಮೊದಲೇ ಹಿಂದಿನಿಂದ ಬಾಯಾರ ದನಿ ಕೇಳಿತು. "ಏ ಹುಡುಗ್ಯಾರ, ಶಿರಾ, ನಮ್ಮ ಶಿರಾ."

ನಾನು ಎರಡೂ ಕಾಲು ಹಾಕಿ ಬ್ರೇಕಿನ ಮೇಲೆ ನಿಂತೆ. ಗಾಡಿ ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಗೃಹಶಾಸ್ತ್ರದ ಹುಡುಗಿಯರು ಒಬ್ಬೊಬ್ಬರು ಒಂದೊಂದು ಪಾತ್ರೆ ಎತ್ತಿಕೊಂಡು ಓಡಿದರು. ಆಗ ನೀಲಾ, ಗಿರಣಿಯಲ್ಲಿ ದಿನಾ ಮಾಡುವ ಹಾಗೆ ಒಂದಿಷ್ಟೂ ಗಡಿಬಿಡಿ ಇಲ್ಲದೆ, ಪಟ್ಟಾವನ್ನು ಸಡಿಲ ಗಾಲಿಗೆ ಸರಿಸಿದಳು. ಗಾಡಿ ಮೇಜಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಇಂಜಿನ್ನು ತನಗೇನೂ ಗೊತ್ತಿಲ್ಲದ ಹಾಗೆ ಧುಕ್ ಧುಕ್ ಅನ್ನುತ್ತಲೇ ಇತ್ತು.

ಎಲ್ಲರೂ ಓಡಿ ಬಂದರು. ಹೆಡ್ ಮಾಸ್ತರರ ಟೋಪಿ ಕೈಯಲ್ಲಿತ್ತು. ನೀಲಾ ಕೆಳಗಿಳಿದು ಪಟ್ಟಾ ನೋಡಿದಳು. ನಾನೂ ನೋಡಿದೆ. ಇಂಗ್ಲಿಷಿನ ಎಂಟು. ಇಷ್ಟು ವರ್ಷ ಗಿರಣಿಯಲ್ಲಿ ಹಾಕಿದ ಹಾಗೆಯೇ ಕೈ ತಾನಾಗಿ ಅಡ್ಡ ಹಾಕಿಬಿಟ್ಟಿತ್ತು.

ಸಾಹೇಬರು ದಪ್ಪ ಕನ್ನಡಕದ ಮುದುಕರು. "ಪಟ್ಟಾ ಯಾರು ಹಾಕಿದ್ರಿ?" ಎಂದು ಕೇಳಿದರು.

"ನಾನ್ರಿ," ಎಂದ ಪರಶ್ಯಾ.

ನಾನು ಅವನ ಮುಖ ನೋಡಿದೆ. ನೀಲಾ ಅತ್ತ ನೋಡಲೂ ಇಲ್ಲ. "ಸುಳ್ಳ ಹೇಳಾಕತ್ತಾನ್ರಿ," ಅಂದಳು. "ಅವಗ ಪಟ್ಟಾ ಹಾಕಾಕ ಬರಂಗಿಲ್ಲ. ನಾ ಹಾಕೇನ್ರಿ."

"ಗಾಡಿ ಯಾಕ ಹಿಂದ ಹೋತು?"

ಮೂರು ತಿಂಗಳು ಎಣಿಸಿದ ಗಳಿಗೆ ಇದೇ, ಅದು ಹೀಗೆ ಬಂದಿತ್ತು. ನೀಲಾ ಹೇಳಿದಳು. "ನಮ್ಮ ಗಿರಣ್ಯಾಗ ಅಡ್ಡ ಹಾಕತೇವ್ರಿ. ಕೈಗೆ ಅದ ರೂಢಿ. ನೇರ ಹಾಕಿದ್ರ ಗಾಲಿ ಇಂಜಿನ್ ತಿರಗಿದ ಕಡೆನ ತಿರಗತೈತ್ರಿ. ಅಡ್ಡ ಹಾಕಿದ್ರ ಉಲ್ಟಾ. ಇಂಜಿನ್ ತಪ್ಪಿಲ್ರಿ, ಗಾಡಿ ತಪ್ಪಿಲ್ರಿ, ನಮ್ಮ ಮಾಸ್ತರ್ರು ಕಲಿಸಿದ್ದೂ ತಪ್ಪಿಲ್ರಿ. ನಂದ ತಪ್ಪು."

"ಈಗ ಏನ್ ಮಾಡ್ತೀ?"

"ಎರಡ ನಿಮಿಷ ಕೊಡ್ರಿ."

"ಮೊದಲ ಇಂಜಿನ್ ಬಂದ್ ಮಾಡು," ಅಂದರು ಹೆಡ್ ಮಾಸ್ತರರು.

"ಬ್ಯಾಡ್ರಿ ಸರ, ಮತ್ತ ಚಾಲೂ ಆಗಾಕ ಹಟಾ ಮಾಡತೈತಿ." ಆಕೆ ಕಟ್ಟಿಗೆಯಿಂದ ಪಟ್ಟಾವನ್ನು ಇಂಜಿನ್ನಿನ ಗಾಲಿಯಿಂದ ಕೆಳಗೆ ಕೆಡವಿದಳು. ಅದು ಸುಮ್ಮನಾದ ಮೇಲೆ ತಿರುವು ಬಿಚ್ಚಿ ನೇರ ಮಾಡಿದಳು. ಪರಶ್ಯಾ ಒಂದು ಮಗ್ಗುಲು ಹಿಡಿದ. ತಿರುಗುತ್ತಿದ್ದ ಗಾಲಿಯ ಅಂಚಿಗೆ ಪಟ್ಟಾವನ್ನು ತೋರಿಸಿ ಕಟ್ಟಿಗೆಯಿಂದ ಒಂದು ಸಲ ಒತ್ತಿದಳು. ಪಟಕ್ ಎಂದು ಏರಿ ಕೂತಿತು. ಬಡಿಗೇರ ಮಾಸ್ತರರು ಉಸಿರು ಬಿಟ್ಟದ್ದು ಆ ಸದ್ದಿನಲ್ಲೂ ನನಗೆ ಕೇಳಿಸಿತು.

ಈ ಸಲ ಗಾಡಿ ಮುಂದೆ ಹೋಯಿತು. ನಾಲ್ಕು ಹೆಜ್ಜೆ ಹೋದ ಮೇಲೆ ಸಾಹೇಬರು, "ನಿಲ್ಲಸವಾ, ನಾನೂ ಬರ್ತೇನಿ" ಅಂದರು. ಧೋತರ ಎತ್ತಿ ಹತ್ತಿ ಹಲಗೆಯ ಮೇಲೆ ಕೂತರು. ಬಾಯಾರು ಓಡಿ ಬಂದು ಕೈಗೆ ಶಿರಾದ ಬಸಿ ಕೊಟ್ಟರು. ಸಾಹೇಬರು ಶಿರಾ ತಿನ್ನುತ್ತ, ಗಾಡಿ ಜಿಗಿದಾಗೊಮ್ಮೆ ಚಮಚ ತಪ್ಪಿ ಮೀಸೆಗೆ ಹಚ್ಚಿಕೊಳ್ಳುತ್ತ ಧ್ವಜದ ಕಂಬದವರೆಗೆ ಬಂದರು. ಇಡೀ ಸಾಲಿ ಪಕ್ಕದಲ್ಲಿ ನಡೆಯುತ್ತ ಬಂತು.

ಇಳಿದ ಮೇಲೆ ಹೆಡ್ ಮಾಸ್ತರರು ಮೆಲ್ಲಗೆ ಕೇಳಿದರು. "ಸಾಹೇಬರ, ಈ ಹುಡುಗೀ ವಿಷಯ ತಮ್ಮನ್ನ ಕೇಳೋದಿತ್ತು. ಹೆಣ್ಣಮಕ್ಕಳಿಗೆ ಗೃಹಶಾಸ್ತ್ರ ಇರೋವಾಗ…"

ಸಾಹೇಬರು ಮೀಸೆ ಒರೆಸಿಕೊಂಡರು. "ಗಾಡಿ ತಾನ ಗೃಹಶಾಸ್ತ್ರದ ಕಡೆ ಹೊಂಟಿತ್ತು. ಆಕಿ ಹೊಳ್ಳಿಸಿ ತಂದ್ಲು. ಇನ್ನ ನನ್ನ ಏನ್ ಕೇಳ್ತೀರಿ? ಬರಕೋರಿ ಹೆಸರು."

ಸಂಜೆ ಪಟ್ಟಾ ಹೆಗಲಿಗೆ ಹಾಕಿಕೊಂಡು ಇಬ್ಬರೂ ಗಿರಣಿಗೆ ಹೋದೆವು. ಚನ್ನಬಸಪ್ಪ ಕಾಕಾ ನಡೆದದ್ದೆಲ್ಲ ಕೇಳಿ, "ಅಡ್ಡ ಹಾಕಿದ್ಯಾ?" ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ನಗಲು ಶುರು ಮಾಡಿದರು. ಹುಬ್ಬಿನ ಮೇಲಿನ ಹಿಟ್ಟು ಉದುರುವವರೆಗೆ ನಕ್ಕರು. "ಅದು ನಾ ಕಲಿಸಿದ್ದು," ಎಂದು ಹಿಟ್ಟು ಬೀಸಲು ಬಂದವರಿಗೆಲ್ಲ ಹೇಳಿದರು. ಕೊನೆಗೆ ನೀಲಾಳ ಕಡೆ ತಿರುಗಿ, "ನಾಳೆ ಗಿರಣಿಗೆ ಬರಬ್ಯಾಡ. ಲಗೂನ ಸಾಲಿಗೆ ಹೋಗು" ಅಂದರು. ನೀಲಾ ಅತ್ತದ್ದು ಆಗಲೇ. ಗಿರಣಿಯ ಗಾಳಿಗೆ ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ ಮೂಡಿದ್ದವು.

ಮುಂದೆ ನೀಲಾ ಅದೇ ವಿಷಯದ ಶಿಕ್ಷಕಿಯಾದಳು. ಎಷ್ಟೋ ವರ್ಷ ಹುಡುಗ ಹುಡುಗಿಯರನ್ನು ಮರ ಸುತ್ತಿಸಿದಳು. ನಾನು ಪೋಸ್ಟಾಫೀಸು ಸೇರಿದೆ. ಈಗ ನಮ್ಮ ಹೈಸ್ಕೂಲಿನ ಬೇವಿನ ಮರಗಳ ಜಾಗದಲ್ಲಿ ಕಟ್ಟಡವಿದೆ. ಗಿರಣಿ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಹಿಟ್ಟು ಚೀಲದಲ್ಲಿ ಬರುತ್ತದೆ, ತಣ್ಣಗಿರುತ್ತದೆ. ನನ್ನ ಮೊಮ್ಮಕ್ಕಳು ಗಾಡಿ ಏರಿ ಇಳಿಯುತ್ತಾರೆ. ಅದರ ಶಕ್ತಿ ಎಲ್ಲಿ ಹುಟ್ಟಿತು, ಹೇಗೆ ಗಾಲಿಗೆ ಬಂತು ಎಂದು ಅವರಿಗೆ ಕಾಣುವುದಿಲ್ಲ, ಎಲ್ಲ ಮುಚ್ಚಿದೆ. ಹೋದದ್ದನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ. ಅದಕ್ಕೆ ನಾನು ಅಳುವುದಿಲ್ಲ.

ಆಸ್ಪತ್ರೆಯಲ್ಲಿ ಒಂದು ಸಲ ನೀಲಾಳನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ ಪರೀಕ್ಷೆಗೆ ಒಯ್ಯುತ್ತಿದ್ದರು. ಹೊಸ್ತಿಲು ಅಡ್ಡ ಬಂದಾಗ ನರ್ಸು ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆದಳು. ನಾನು ಎದುರಿಗೆ ನಡೆಯುತ್ತಿದ್ದೆ. ನೀಲಾ ನನ್ನ ಮುಖ ನೋಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ಮಾತಾಡಲು ಶಕ್ತಿ ಇರಲಿಲ್ಲ, ಆದರೂ ಅಂದಳು. "ಶಾರಿ, ಪಟ್ಟಾ ಅಡ್ಡ ಬಿದ್ದೈತಿ ನೋಡು." ನಾವಿಬ್ಬರೂ ಅಲ್ಲೇ ನಕ್ಕೆವು. ನರ್ಸಿಗೆ ಏನೂ ತಿಳಿಯಲಿಲ್ಲ.

ಮೊನ್ನೆ ಆಟೋದಲ್ಲಿ ಮನೆಗೆ ಬರುತ್ತಿದ್ದೆ. ನಮ್ಮ ಓಣಿಯಲ್ಲಿ ಎದುರಿಗೆ ಲಾರಿ ಬಂತು. ಆಟೋದ ಹುಡುಗ ಹಿಂದಕ್ಕೆ ತೆಗೆಯತೊಡಗಿದ. ಮೊದಲು ಗಿರಣಿ ಇದ್ದ ಜಾಗದ ಮುಂದೆ ಹಾಯುವಾಗ ನನಗರಿಯದೆ ಬಾಯಿಗೆ ಬಂತು. "ಪಟ್ಟಾ ಅಡ್ಡ ಬಿದ್ದೈತಿ."

"ಏನಂದ್ರಿ, ಅಜ್ಜಿ?" ಎಂದ ಅವನು.

ಹೇಳಿದರೆ ಎಲ್ಲಿಂದ ಶುರು ಮಾಡಬೇಕು.

"ಏನಿಲ್ಲಪಾ," ಅಂದೆ. "ಹಿಂದ ನೋಡ್ಕೋತ ಹೋಗು."